ಟೊಪ್ಪಿ ಮೇಡಮ್ಮಿನ ಹೂದೋಟ

ಗಂಗೂಬಾಯಿ ತೀರಿಕೊಂಡ ಸುದ್ದಿ ಅವರ್ಸಾಕ್ಕೆ ಮುಟ್ಟಿದ ದಿನ, ಊರಿಗೆ ಅವಳ ಮೇಲಿದ್ದ ಪ್ರೀತಿಯ ಮೊದಲ ಪೆಟ್ಟು ತಿಂದದ್ದು ಅವಳ ಹೂದೋಟ.

ಮಾಘ ಮಾಸದ ಬೆಳಗು. ಕಾರವಾರದ ಆಸ್ಪತ್ರೆಯಿಂದ ಸೊಸೆ ನಾಗಶ್ರೀ ನೆರೆಮನೆಗೆ ಫೋನು ಮಾಡಿ, "ಅತ್ತೆ ಹೋದ್ರು" ಎಂದಳು. ನೆರೆಮನೆಯ ನಾಗಿ ಕೈಯಲ್ಲಿದ್ದ ಪೊರಕೆಯ ಸಮೇತ ಓಡಿಬಂದಳು. ಎದುರುಮನೆಯ ಹುಲಿಯಾ ಗದ್ದೆಯಿಂದ ಕೆಸರುಗಾಲಲ್ಲೇ ಬಂದ. ಬಂದವರಿಗೆಲ್ಲ ಒಂದೇ ವಿಚಾರ ಹೊಳೆಯಿತು. ಊರಿನ ಮನೆಮನೆಗೆ ಹೂ ಕೊಟ್ಟ ಹೆಂಗಸನ್ನು ಬರಿಗೈಯಲ್ಲಿ ಕಳಿಸಬಹುದೇ? ಅಬ್ಬಲಿಗೆ, ಗೋರಟೆ, ನಂದಿಬಟ್ಟಲು, ದಾಸಾಳ ಎಂದು ಎಲ್ಲರೂ ಅಳುತ್ತ ಕೊಯ್ದರು. ಕೊಯ್ದದ್ದನ್ನು ತುಂಬಲು ಬುಟ್ಟಿ ಸಿಗಲಿಲ್ಲ. ಜಗಲಿಯ ಮೊಳೆಗೆ ಗಂಗೂಬಾಯಿಯ ಹುಲ್ಲಿನ ಟೊಪ್ಪಿ ತೂಗುತ್ತಿತ್ತು. ದೂರದ ಊರಿನಲ್ಲಿ ನೌಕರಿಯಲ್ಲಿರುವ ಮಗ ಸಂದೇಶ ಒಮ್ಮೆ ದೇವಬಾಗದ ಸಮುದ್ರ ದಂಡೆಯಲ್ಲಿ ಚೇಷ್ಟೆಗೆಂದು ಕೊಡಿಸಿದ ಅಗಲ ಅಂಚಿನ ಟೊಪ್ಪಿ ಅದು. ಅವಳು ಸೆರಗಿನ ಮೇಲೆ ಅದನ್ನಿಟ್ಟುಕೊಂಡು ಬಿಸಿಲಲ್ಲಿ ಗಿಡದ ಬುಡ ಕೆದಕುತ್ತ ಕೂತರೆ ಊರು ನಗುತ್ತಿತ್ತು. ಆಮೇಲೆ ನಗುವುದೂ ಬೇಸರವಾಗಿ ಸುಮ್ಮನಾಗಿತ್ತು. ಅಂದು ಹೂವು ತುಂಬಿದ್ದು ಅದರಲ್ಲೇ. ಹೂವಿನ ಸಂಗಡ ಅದೂ ಅವಳ ಜೊತೆಗೆ ಹೋಯಿತು.

ಮುಂದೆ ಚಪ್ಪರಕ್ಕೆ ಕಂಬ ಹುಗಿಯಲು ಮೆತ್ತಗಿನ ಮಣ್ಣು ಬೇಕಾಯಿತು. ಮಾಘದ ಬಿಸಿಲಿಗೆ ಗಟ್ಟಿಯಾಗಿದ್ದ ಅಂಗಳದಲ್ಲಿ ಮೆತ್ತಗಿನ ಮಣ್ಣಿದ್ದದ್ದು ಅಬ್ಬಲಿಗೆಯ ಪಾತಿಯಲ್ಲಿ ಮಾತ್ರ. ಬಾಡಿಗೆಯ ಕುರ್ಚಿಗಳು ಮಲ್ಲಿಗೆಯ ಮೇಲೆ ಕೂತವು. ದಿನಗಳು ಕಳೆದು ಊಟದ ದಿನ ಬಂದಾಗ ಅಡಿಗೆಯ ಒಲೆಯನ್ನು ಗಾಳಿ ಬೀಸದ ಜಾಗ ನೋಡಿ ಗೋರಟೆಯ ಸಾಲಿನಲ್ಲೇ ಹೂಡಿದರು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ತೋಟ ಮಾತ್ರ ಉಳಿಯಲಿಲ್ಲ.

ಗಂಗೂಬಾಯಿಯ ಗಂಡ ರಾಮನಾಥರು ಕಾರವಾರದ ಒಂದು ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಮನೆ ಕಟ್ಟುವವರ ನಕ್ಷೆಗಳಿಗೆ ಶಿಕ್ಕಾ ಒತ್ತುವುದು ಅವರ ಕೆಲಸ. ನಕ್ಷೆಯ ಯಾವ ಮೂಲೆಯಲ್ಲಿ ಶಿಕ್ಕಾ ಬೀಳಬೇಕು ಎಂಬುದು ಅವರಿಗೆ ತಿಳಿದಷ್ಟು ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ನಕ್ಷೆಯೊಳಗೆ ಏನಿದೆ ಎಂದು ನೋಡುವ ಪ್ರಸಂಗ ಅವರಿಗೆ ಬಂದಿರಲಿಲ್ಲ. ಆದರೂ "ನಕ್ಷೆ ನೋಡಿ ಪಳಗಿದ ಕಣ್ಣು ಇದು" ಎಂದು ಅವರು ಹೇಳುವುದಿತ್ತು.

ಗಂಗೂಬಾಯಿ ಬದುಕಿರುವ ತನಕ ಪೇಟೆಯ ಹೂವನ್ನು ದೇವರ ಕೋಣೆಯ ಹೊಸಿಲು ದಾಟಿಸಿರಲಿಲ್ಲ. ಅವಳು ಹೋದ ಮೇಲೆ ಅಂಕೋಲೆಯ ಬಸ್ಸಿನಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಹೂವು ಬರತೊಡಗಿತು. ರಾಮನಾಥರು ಪೂಜೆಗೆ ಕೂತು ಚೀಲದ ಗಂಟು ಬಿಚ್ಚುವಾಗಲೆಲ್ಲ ದೇವರ ಮುಖ ನೋಡಲು ಸಂಕೋಚಪಡುತ್ತಿದ್ದರು. ಕೊನೆಗೊಂದು ದಿನ ದೇವರ ಮುಂದೆ ಸಂಕಲ್ಪ ಮಾಡಿಯೇಬಿಟ್ಟರು: ವರ್ಷಾಂತಿಕದ ದಿನ ಅವಳ ಅಂಗಳದಲ್ಲಿ ಅರಳಿದ ಹೂವೇ ದೇವರಿಗೆ ಏರಬೇಕು, ಚೀಲದ ಹೂವು ಮನೆಯೊಳಗೆ ಬರಕೂಡದು.

ಸಂಕಲ್ಪವೇನೋ ಆಯಿತು. ಗಿಡ ಯಾವುದು, ಕಳೆ ಯಾವುದು ಎಂದು ಮಾತ್ರ ರಾಮನಾಥರಿಗೆ ಗೊತ್ತಿರಲಿಲ್ಲ. ಮಳೆಗಾಲ ಮುಗಿದ ಮೇಲೆ ಅಂಗಳದಲ್ಲಿ ಉಳಿದಿದ್ದ ಕಡ್ಡಿಗಳನ್ನೆಲ್ಲ ಕಿತ್ತು ಹಸನು ಮಾಡಿ, ಹುಲುಸಾಗಿ ಬೆಳೆದಿದ್ದ ಒಂದೇ ಒಂದು ಗಿಡಕ್ಕೆ ಬೇಲಿ ಕಟ್ಟಿ ದಿನಾ ನೀರು ಹೊತ್ತರು. ಅದು ದನವೂ ಮೂಸಿ ಮುಂದೆ ಹೋಗುವ ಕಳೆ. ಕಿತ್ತದ್ದರಲ್ಲಿ ಮಲ್ಲಿಗೆಯ ಬುಡವಿತ್ತು.

"ರಾಮನಾಥ ಮಾಮಾ, ಕಳಿಗೆ ಇಷ್ಟು ಸೇವೆ ಮಾಡೂದು ನಾ ಹುಟ್ಟಿದ ಮೇಲೆ ನೋಡ್ಲಿಲ್ಲ" ಎಂದು ನಾಗಿ ಬೇಲಿಯಾಚೆಯಿಂದ ಹೇಳಿದಳು. ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿತು. ಹುಲಿಯಾ ಖುದ್ದು ಬಂದು ಬೇಲಿಯೊಳಗಿನ ಕಳೆಗೆ ಕೈಮುಗಿದು ಹೋದ.

ಅಂದಿನಿಂದ ರಾಮನಾಥರು ತೋಟದ ವಿಚಾರವನ್ನು ಯಾರ ಹತ್ತಿರವೂ ಬಾಯಿ ಬಿಡಬಾರದೆಂದು ನಿಶ್ಚಯಿಸಿದರು. ಈ ಬಾರಿ ಶಾಸ್ತ್ರೀಯವಾಗಿ ಮಾಡಬೇಕು, ಮೊದಲು ನಕ್ಷೆಯಾಗಬೇಕು, ಆಮೇಲೆ ಮಣ್ಣು. ಹೂದೋಟದ ನಕ್ಷೆಯನ್ನು ಕಂಪ್ಯೂಟರೇ ಬರೆದುಕೊಡುತ್ತದೆ, ಅದಕ್ಕೆ ಬಗೆಬಗೆಯ ಸಾಫ್ಟ್‌ವೇರ್ ಬಂದಿವೆ ಎಂದು ಅವರು ಎಲ್ಲಿಯೋ ಓದಿದ್ದರು. ಓದಿದ ದಿನವೇ ಅವರಿಗೆ ಊಟ ಸೇರಲಿಲ್ಲ, ಅಷ್ಟು ಉತ್ಸಾಹ. ಮರುದಿನ ಮೊದಲ ಬಸ್ಸಿಗೆ ಇಸ್ತ್ರಿಯ ಅಂಗಿ ತೊಟ್ಟು ಹೊರಟರು. ನಾಗಶ್ರೀ, "ಮಾವಾ, ಎಲ್ಲಿಗೆ ಇಷ್ಟು ಬೇಗ?" ಎಂದರೆ, "ಸಾಫ್ಟ್‌ವೇರ್ ಆರಿಸೂಕೆ" ಎಂದು, ಮಗಳಿಗೆ ವರನನ್ನು ನೋಡಲು ಹೋಗುವವರ ಗಾಂಭೀರ್ಯದಲ್ಲಿ ಹೇಳಿದರು. ಗುಟ್ಟು ತಿಳಿದದ್ದು ಅವಳೊಬ್ಬಳಿಗೇ; ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲವೆಂದು ಅವಳಿಂದಲೂ ಮಾತು ತೆಗೆದುಕೊಂಡರು.

ಕಾರವಾರದ ಬಸ್‌ಸ್ಟ್ಯಾಂಡಿನ ಹಿಂದೆ ಭರತನ ಅಂಗಡಿ. ಝೆರಾಕ್ಸ್, ಫೋಟೊ, ಅರ್ಜಿ ತುಂಬುವುದು, ಎಲ್ಲ ಅಲ್ಲೇ. ಭರತ ಸಂದೇಶನ ಸಂಗಡ ಓದಿದವನು. ರಾಮನಾಥರ ಮಾತು ಕೇಳಿ ಅವನಿಗೂ ಹುರುಪು ಬಂತು. ದಿನವಿಡೀ ಆಧಾರ್ ಕಾರ್ಡು ನೋಡುವ ಕಣ್ಣಿಗೆ ಹೂದೋಟ ಯಾರು ತೋರಿಸುತ್ತಾರೆ?

ಮೊದಲನೆಯ ಸಾಫ್ಟ್‌ವೇರ್ ತೆರೆದ ಕೂಡಲೇ ಒಂದು ಪ್ರಶ್ನೆ ಕೇಳಿತು. ನಿಮ್ಮ ಊರಿನಲ್ಲಿ ವರ್ಷದ ಕೊನೆಯ ಹಿಮ ಯಾವಾಗ ಬೀಳುತ್ತದೆ? ಭರತ ಕನ್ನಡದಲ್ಲಿ ಓದಿ ಹೇಳಿದ. ರಾಮನಾಥರು ಸರ್ಕಾರಿ ಪ್ರಶ್ನೆಗೆ ಉತ್ತರ ಖಾಲಿ ಬಿಟ್ಟವರಲ್ಲ. ಕಣ್ಣು ಮುಚ್ಚಿ ಯೋಚಿಸಿ, ಶಿವರಾತ್ರಿಯ ತನಕ ಬೆಳಿಗ್ಗೆ ಹುಲ್ಲಿನ ಮೇಲೆ ತೇವ ಇರುತ್ತದೆ ಎಂದು ಪ್ರಾಮಾಣಿಕವಾಗಿ ಹೇಳಿದರು. ಭರತ ಅದನ್ನೇ ತುಂಬಿದ. ಸಾಫ್ಟ್‌ವೇರಿಗೆ ಗಾಬರಿಯಾಯಿತು. ಶಿವರಾತ್ರಿಯವರೆಗೆ ಒಂದು ಬೀಜವನ್ನೂ ಬಿತ್ತಬೇಡಿ, ಇರುವ ಗಿಡಗಳಿಗೆಲ್ಲ ಕಂಬಳಿ ಹೊದಿಸಿ, ಕೊಳದ ನೀರು ಕಲ್ಲಾಗಿ ಮೀನು ಸಾಯದಂತೆ ನೋಡಿಕೊಳ್ಳಿ ಎಂದಿತು. ಅಂದು ಕಾರವಾರದಲ್ಲಿ ಬೆಳಗಿನ ಹೊತ್ತೇ ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು.

ಎರಡನೆಯದು ಚೆಲುವಾಗಿತ್ತು. ರಾಮನಾಥರು ಶುಭಕ್ಕೆಂದು ಮೊದಲು ತುಳಸಿಯನ್ನು ಇಡಲು ಹೇಳಿದರು. ಸಾಫ್ಟ್‌ವೇರ್ ತುಳಸಿಯನ್ನು ಟೊಮೆಟೊ ಪಾತಿಯ ಮಗ್ಗುಲಲ್ಲಿಟ್ಟು, ಎಲೆಯನ್ನು ಸಣ್ಣಗೆ ಹೆಚ್ಚಿ ಯಾವ ಯಾವ ಮಾಂಸಕ್ಕೆ ಉದುರಿಸಿದರೆ ರುಚಿ ಎಂದು ಚಿತ್ರ ಸಹಿತ ತೋರಿಸಿತು. ರಾಮನಾಥರು ಎದ್ದು ನಿಂತು ಪರದೆಗೆ ಕೈಮುಗಿದರು.

"ಭರತಾ, ಇದನ್ನ ಬಂದ್ ಮಾಡು ಮಾರಾಯ. ನಿನ್ನ ಅಂಗಡಿಗೆ ಒಳ್ಳೇದಲ್ಲ."

ಮೂರನೆಯದು ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ನಿಧಾನ. ಅದಕ್ಕೆ ಅಬ್ಬಲಿಗೆ ಗೊತ್ತಿಲ್ಲ, ಗೋರಟೆಯ ಹೆಸರು ಕೇಳಿಲ್ಲ. ಅದು ಅವರ್ಸಾದ ಅಂಗಳದಲ್ಲಿ ತನ್ನಷ್ಟಕ್ಕೇ ಒಂದು ಈಜುಕೊಳ ತೋಡಿ, ಒಂದು ಬಿಳಿ ಬೆಂಚು ಹಾಕಿ, ಬೆಂಚಿನ ಪಕ್ಕದಲ್ಲಿ ಅಗಲ ಟೊಪ್ಪಿ ಇಟ್ಟುಕೊಂಡು ಗಿಡಕ್ಕೆ ಬಾಗಿದ ಒಬ್ಬ ಹೆಂಗಸನ್ನು ನಿಲ್ಲಿಸಿತು. ರಾಮನಾಥರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಇದೇ ಆಗೂದು" ಎಂದರು.

ಭರತನಿಗೆ ಆಶ್ಚರ್ಯ. ಇದು ಬಹಳ ಬಡ ಸಾಫ್ಟ್‌ವೇರ್, ಪುಕ್ಕಟೆಯಾದ್ದರಿಂದ ಸುಮ್ಮನೆ ತೋರಿಸಿದೆ, ಬೇರೆ ಒಳ್ಳೆಯವು ಇವೆ ಎಂದು ಬಗೆಬಗೆಯಾಗಿ ಹೇಳಿದ. ಕೊಳವನ್ನೂ ಬೆಂಚನ್ನೂ ಅಳಿಸಿದ. ಹೆಂಗಸು ಮಾತ್ರ ಏನು ಮಾಡಿದರೂ ಅಳಿಯಲಿಲ್ಲ.

"ಈ ಟೊಪ್ಪಿ ಮೇಡಮ್ಮ ಹಂಗೆಲ್ಲ ಹೋಗೂದಿಲ್ಲ ಅಂಕಲ್" ಎಂದ ಭರತ. "ದುಡ್ಡು ಕಟ್ಟಿದ್ರೆ ಮಾತ್ರ ಹೋಗ್ತಾಳೆ. ಕಟ್ಟುವಾ?"

"ಬ್ಯಾಡ. ಅವಳು ಇರ್ಲಿ" ಎಂದರು ರಾಮನಾಥರು.

ಇದೇ ಗಳಿಗೆಯಲ್ಲಿ ಅವರ ಬೆನ್ನ ಹಿಂದೆ, ಯಾರದೋ ರೇಶನ್ ಕಾರ್ಡಿನ ಝೆರಾಕ್ಸಿಗಾಗಿ ಅವರ್ಸಾದ ಪಂಚಾಯತ ಮೆಂಬರ್ ಗುರುಪ್ರಸಾದರು ನಿಂತಿದ್ದರು ಎಂಬುದು ರಾಮನಾಥರಿಗೆ ತಿಳಿಯಲಿಲ್ಲ. ಭರತನ ಬೆನ್ನು ಅಡ್ಡವಿದ್ದುದರಿಂದ ಗುರುಪ್ರಸಾದರಿಗೂ ಪರದೆ ಕಾಣಲಿಲ್ಲ. ಕಿವಿಗೆ ಬಿದ್ದದ್ದು ಇಷ್ಟು: ಟೊಪ್ಪಿ ಮೇಡಮ್ಮ, ದುಡ್ಡು ಕಟ್ಟಿದರೆ ಹೋಗುತ್ತಾಳೆ, ಬೇಡ, ಇರಲಿ. ಒಬ್ಬ ಮೆಂಬರನ ತಲೆಗೆ ಇದಕ್ಕಿಂತ ಹೆಚ್ಚು ಸಾಮಗ್ರಿ ಬೇಕಾಗುವುದಿಲ್ಲ.

ಆ ಸಾಫ್ಟ್‌ವೇರಿಗೆ ಒಂದೇ ಒಂದು ವಿದ್ಯೆ ಬರುತ್ತಿತ್ತು. ನೆರಳಿನ ಲೆಕ್ಕ. ಅಂಗಳದ ಉದ್ದಗಲ ಹೇಳಿ, ಸುತ್ತಮುತ್ತ ಯಾವ ಮರಗಳಿವೆ, ಎಷ್ಟೆತ್ತರ, ಎಷ್ಟು ವಯಸ್ಸು ಎಂದು ತಿಳಿಸಿದರೆ, ಯಾವ ಮೂಲೆಗೆ ಎಷ್ಟು ಬಿಸಿಲು ಬೀಳುತ್ತದೆಂದು ತೋರಿಸಿ ಅಲ್ಲಿಗೆ ಹೂಗಿಡ ಇಡುತ್ತಿತ್ತು. ರಾಮನಾಥರು ಹಿಗ್ಗಿನಿಂದ ಊರಿಗೆ ಬಂದರು. ಮರುದಿನ ಬೆಳಿಗ್ಗೆ ಅಂಗಳದ ಮೂಲೆಮೂಲೆಗೆ ಗೂಟ ಹೊಡೆದು, ದೂರಕ್ಕೆ ಕಾಣಲೆಂದು ನಾಗಶ್ರೀಯ ಹಳೆಯ ಕೆಂಪು ಸೀರೆ ಹರಿದು ಗೂಟಕ್ಕೊಂದು ತುಂಡು ಕಟ್ಟಿದರು. ಟೇಪು ಹಿಡಿದು ರಸ್ತೆಯ ಅಂಚಿನವರೆಗೆ ಅಳೆದರು. ಆಮೇಲೆ ಹಣೆಗೆ ಕೈ ಅಡ್ಡ ಹಿಡಿದು, ಹುಲಿಯಾನ ಹಿತ್ತಲಿನ ತೆಂಗಿನ ಮರಗಳನ್ನು ಎಣಿಸಿದರು.

ಇಲ್ಲಿ ಓದುಗರು ಒಂದು ಮಾತು ತಿಳಿಯಬೇಕು. ಕಾರವಾರ, ಅಂಕೋಲೆಯ ಜನ ಸಿಡಿಲಿಗೆ ಹೆದರುವವರಲ್ಲ, ಸಮುದ್ರಕ್ಕೆ ಹೆದರುವವರಲ್ಲ. ಕೆಂಪು ಬಟ್ಟೆ ಕಟ್ಟಿದ ಗೂಟಕ್ಕೆ ಹೆದರುತ್ತಾರೆ. ಹೆದ್ದಾರಿ ಬಂದದ್ದು ಆ ಗೂಟದ ಹಿಂದೆ, ರೈಲು ಬಂದದ್ದು ಆ ಗೂಟದ ಹಿಂದೆ, ನೌಕಾನೆಲೆ ಬಂದದ್ದೂ ಅದರ ಹಿಂದೆಯೇ. ಗೂಟ ಕಂಡರೆ ಜಾಗ ಹೋಯಿತೆಂದು ಲೆಕ್ಕ. ಮರ ಎಣಿಸಿದರೆ ಪರಿಹಾರ ಬರುತ್ತದೆಂದು ಲೆಕ್ಕ. ಎಳೆಗೂಸು ಬಿಟ್ಟು ಉಳಿದವರಿಗೆಲ್ಲ ಇದು ಗೊತ್ತು.

ಹುಲಿಯಾ ನಿಧಾನವಾಗಿ ಬೇಲಿಯ ಹತ್ತಿರ ಬಂದ.

"ಒಡೆಯಾ, ನನ್ನ ಮರ ಯಂತಕೆ ಎಣಿಸ್ತ್ರಿ?"

ರಾಮನಾಥರಿಗೆ ಕಳೆಯ ಪ್ರಸಂಗ ನೆನಪಾಯಿತು. "ಒಂದು ಕೆಲಸ ಅದೆ ಹುಲಿಯಾ. ಈಗ ಹೇಳೂಕೆ ಬರೂದಿಲ್ಲ. ಈ ಮರಕ್ಕೆ ಎಷ್ಟು ವರ್ಷ ಆಯ್ತು?"

"ನಮ್ಮಪ್ಪ ನೆಟ್ಟದ್ದು. ಯಾರು ಕೇಳಿದ್ದು ಇದನ್ನ?"

"ಕಂಪ್ಯೂಟರ್ ಕೇಳ್ತದೆ."

ಹುಲಿಯಾ ತನ್ನ ಮರಗಳನ್ನು ತಾನೇ ಒಮ್ಮೆ ಎಣಿಸಿಕೊಂಡ. ಅವನ ಅನುಭವದಲ್ಲಿ ಕಂಪ್ಯೂಟರು ಕೇಳುವುದೆಂದರೆ ಸರ್ಕಾರ ಕೇಳುವುದೇ. ರಾಮನಾಥರು ನಾಗಿಯ ಮನೆಯತ್ತ ತಿರುಗಿ ಅವಳ ಮಾವಿನ ಮರ, ನುಗ್ಗೆಯ ಮರ ಎಣಿಸಿದರು. ನಾಗಿಗೂ ಅದೇ ಉತ್ತರ ಕೊಟ್ಟರು. ಕೊಡುವಾಗ, ಕಚೇರಿಯಲ್ಲಿ ಅರ್ಜಿದಾರರಿಗೆ ಕೊಡುತ್ತಿದ್ದ ಹಳೆಯ ಮುಗುಳ್ನಗೆಯೊಂದು ಅಭ್ಯಾಸಬಲದಿಂದ ಅವರ ಮುಖದ ಮೇಲೆ ಬಂತು. ಆ ನಗೆ ಕಂಡು ನಾಗಿಗೆ ಇದ್ದ ಸಂಶಯವೂ ಹೋಯಿತು.

ಸಂಜೆ ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಸಭೆ ಸೇರಿತು. ಗುರುಪ್ರಸಾದರನ್ನು ಕೇಳಿದರು. ತನಗೆ ಏನೂ ಗೊತ್ತಿಲ್ಲ ಎನ್ನುವ ಪದ್ಧತಿ ಮೆಂಬರಿಗೆ ಇಲ್ಲ. ಅವರು ಬಸಿಯಲ್ಲಿ ಚಹಾ ಆರಿಸುತ್ತ, ವಿಷಯ ಮೇಲಿನಿಂದ ಬಂದದ್ದು, ಒಬ್ಬಳು ಟೊಪ್ಪಿ ಹಾಕುವ ಮೇಡಮ್ಮ ಇದರ ಮುಖ್ಯಸ್ಥೆ, ಹೆಂಗಸು ಬಹಳ ಗಟ್ಟಿ, ದುಡ್ಡು ಕಟ್ಟಿದರೆ ಮಾತ್ರ ಹೋಗುವವಳು, ಹಾಗೆ ಕಳಿಸುವ ಅವಕಾಶ ಬಂದಿತ್ತು, ರಾಮನಾಥರು ತಾವೇ ಬೇಡವೆಂದರು ಎಂದು ಹೇಳಿದರು. ಪ್ರತಿ ಮಾತೂ ಅವರು ಕಿವಿಯಾರೆ ಕೇಳಿದ್ದೇ. ಆದ್ದರಿಂದ ಸುಳ್ಳಾಡಿದ ಪಾಪ ಅವರಿಗೆ ತಟ್ಟುವಂತಿಲ್ಲ.

ಎರಡು ದಿನದೊಳಗೆ ಹುಲಿಯಾನ ಹಿತ್ತಲಿನಲ್ಲಿ ತೆಂಗಿನ ಸಸಿಗಳು ಸಂಜೆಯ ಕಾರವಾರ ಬಸ್ಸಿನ ಜನರ ಹಾಗೆ ಒಂದಕ್ಕೊಂದು ಒತ್ತಿಕೊಂಡು ನಿಂತವು. ನಾಗಿ ಬಾವಿಕಟ್ಟೆಯ ಸುತ್ತ ಮಾವಿನ ಕಸಿ ನೆಟ್ಟು, ಜಾಗ ಸಾಲದೆ ಬಟ್ಟೆ ಒಗೆಯುವ ಕಲ್ಲನ್ನೇ ಉರುಳಿಸಿ ಅಲ್ಲಿಯೂ ಒಂದು ನೆಟ್ಟಳು. ಗುರುಪ್ರಸಾದರು ತಾವು ಜನರ ಪ್ರತಿನಿಧಿಯೆಂದು ಎಲ್ಲರಿಗಿಂತ ಹೆಚ್ಚು ನೆಡಿಸಿದರು. ನಾಗಿ ಬೆಳಿಗ್ಗೆ ಎದ್ದರೆ ರಾಮನಾಥರ ಜಗಲಿಗೆ ತಾಜಾ ಬಂಗಡೆ ತಂದಿಟ್ಟು, "ಸಣ್ಣ ಗಿಡಾನೂ ಬಿಡಬ್ಯಾಡಿ ಮಾಮಾ, ಎಲ್ಲಾ ಬರ್ಕಣಿ" ಎಂದು ಹೇಳಿ ಹೋಗುತ್ತಿದ್ದಳು. ವರ್ಷಾಂತಿಕ ಮುಗಿಯುವ ತನಕ ಮೀನು ಮುಟ್ಟುವುದಿಲ್ಲವೆಂದು ವ್ರತ ಹಿಡಿದಿದ್ದ ರಾಮನಾಥರು ಮೂಗು ಮುಚ್ಚಿ ಕೂತರು. ಮನೆಯ ಬೆಕ್ಕು ಆ ತಿಂಗಳಲ್ಲಿ ಮೆಟ್ಟಿಲು ಹತ್ತಲಾರದಷ್ಟು ದಪ್ಪವಾಯಿತು.

ಸುತ್ತ ಹೊಸ ಗಿಡಗಳು ಏಳುತ್ತಿರುವುದನ್ನು ಕಂಡು ರಾಮನಾಥರಿಗೆ ಕರ್ತವ್ಯದ ಕರೆ ಕೇಳಿತು. ಮರ ಬದಲಾದರೆ ನೆರಳು ಬದಲಾಗುತ್ತದೆ; ನೆರಳು ಬದಲಾದರೆ ನಕ್ಷೆ ತಪ್ಪುತ್ತದೆ. ಅವರು ಪುನಃ ಎಣಿಸಲು ಹೊರಟರು. ಅವರು ಎಣಿಸಿದಷ್ಟೂ ಜನ ನೆಟ್ಟರು. ಜನ ನೆಟ್ಟಷ್ಟೂ ಅವರು ಎಣಿಸಿದರು. ಪ್ರತಿ ಸಲವೂ ಕಾರವಾರಕ್ಕೆ ಓಡಿ ಭರತನ ಹತ್ತಿರ ಹೊಸ ಲೆಕ್ಕ ತುಂಬಿಸಿದರು. ಅವರ ಉತ್ಸಾಹಕ್ಕೆ ಕುಂದಿಲ್ಲ. ಬಸ್ಸಿನ ಕಂಡಕ್ಟರನಿಗೂ, "ನಮ್ಮದೊಂದು ದೊಡ್ಡ ಕೆಲಸ ನಡೀತಾ ಅದೆ" ಎಂದರು. ಕಂಡಕ್ಟರ ಅದನ್ನು ಅವರ್ಸಾದಲ್ಲಿ ಇಳಿಯುವ ಎಲ್ಲರಿಗೂ ಹಂಚಿದ.

ಕೊನೆಗೊಂದು ದಿನ ಭರತ ಲೆಕ್ಕವನ್ನೆಲ್ಲ ತುಂಬಿ ಮುಗಿಸಿ, ಈ ಮರಗಳೆಲ್ಲ ದೊಡ್ಡದಾದ ಮೇಲೆ ತೋಟ ಹೇಗಿರುತ್ತದೆ ನೋಡುವ ಎಂದು ಒಂದು ಗುಂಡಿ ಒತ್ತಿದ. ಪರದೆಯ ಮೇಲೆ ಅವರ್ಸಾದ ಅಂಗಳ ನಿಧಾನವಾಗಿ ಕಪ್ಪಾಯಿತು. ಹುಲಿಯಾನ ತೆಂಗು ಪೂರ್ವದಿಂದ, ನಾಗಿಯ ಮಾವು ದಕ್ಷಿಣದಿಂದ ಕವಿದವು. ಹೂಗಿಡಗಳು ಒಂದೊಂದಾಗಿ ಕಾಣೆಯಾದವು. ಕತ್ತಲೆಯಲ್ಲಿ ಟೊಪ್ಪಿಯ ಹೆಂಗಸೊಬ್ಬಳೇ ಬರೀ ನೆಲಕ್ಕೆ ಬಾಗಿ ನಿಂತಿದ್ದಳು. ಕೆಳಗೆ ಒಂದು ಸಾಲು ಬಂತು: ಈ ಜಾಗದಲ್ಲಿ ಹೂವು ಆಗುವುದಿಲ್ಲ.

ರಾಮನಾಥರು ಗೋಡೆಯ ಕ್ಯಾಲೆಂಡರ್ ನೋಡಿದರು. ವರ್ಷಾಂತಿಕ ಮುಂದಿನ ವಾರ. ಮೊದಲು ತೆಗೆದಿದ್ದ ಬಿಸಿಲಿನ ನಕ್ಷೆಯನ್ನೇ ದೊಡ್ಡ ಹಾಳೆಯ ಮೇಲೆ ಬಣ್ಣದಲ್ಲಿ ಮುದ್ರಿಸಿಕೊಡಲು ಹೇಳಿ, ಸುರುಳಿ ಸುತ್ತಿ ಕಂಕುಳಲ್ಲಿಟ್ಟು ಬಸ್ಸು ಹತ್ತಿದರು. ಇಳಿದವರು ಮನೆಗೂ ಹೋಗದೆ ನೇರವಾಗಿ ಹುಲಿಯಾನ ಹಿತ್ತಲಿಗೆ ನುಗ್ಗಿದರು.

"ಹುಲಿಯಾ, ಈ ಹೊಸಾ ಸಸಿ ಎಲ್ಲಾ ಕಿತ್ತು ಹಾಕು."

ಹುಲಿಯಾ ನೀರಿನ ಕೊಡ ಕೆಳಗಿಟ್ಟ. "ಯಂತಕೆ?"

"ಇವು ಇದ್ರೆ ನನ್ನ ಕೆಲಸ ಆಗೂದಿಲ್ಲ."

ಇದಕ್ಕಿಂತ ನಿಚ್ಚಳವಾದ ಮಾತು ಊರಿಗೆ ಬೇಕಿರಲಿಲ್ಲ. ಮೊದಲು ಮರ ಎಣಿಸಿದ, ಈಗ ಪರಿಹಾರ ತಪ್ಪಿಸಲು ಕಿತ್ತುಹಾಕು ಎನ್ನುತ್ತಾನೆ, ಟೊಪ್ಪಿ ಮೇಡಮ್ಮನ ಸಂಗಡ ಸೇರಿ ನೆರೆಹೊರೆಯವರ ಹೊಟ್ಟೆಗೇ ಕೈ ಹಾಕಿದ. ಗಂಗಕ್ಕ ಇದ್ದಿದ್ದರೆ ಹೀಗಾಗಲು ಬಿಡುತ್ತಿರಲಿಲ್ಲ ಎಂದು ನಾಗಿ ಬಾವಿಕಟ್ಟೆಯ ಮೇಲೆ ಕೂತು ಅತ್ತಳು. ಮರುದಿನ ಜಗಲಿಗೆ ಬಂಗಡೆ ಬರಲಿಲ್ಲ. ಬೆಕ್ಕು ಗೇಟಿನವರೆಗೆ ಹೋಗಿ ಕಾದು, ಬೇಸರದಿಂದ ಕೂಗಿ ಹಿಂದೆ ಬಂತು. ಗುರುಪ್ರಸಾದರು ಜನರ ಪರವಾಗಿ ಒಂದು ಮನವಿ ಬರೆದು, ಬಸ್ಸು ತುಂಬ ಜನರನ್ನು ಕರೆದುಕೊಂಡು ಕಾರವಾರದ ಕಚೇರಿಗೆ ಕೊಟ್ಟು ಬಂದರು.

ಅದನ್ನು ಓದಿದ ಅಧಿಕಾರಿಗಳೂ ಕಂಗಾಲಾದರು. ಇಂಥ ಯೋಜನೆ ಅವರಿಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದು ಬರೆಯಲು ಧೈರ್ಯವಿಲ್ಲ, ಬೇರೆ ಇಲಾಖೆಯದ್ದಾಗಿದ್ದರೆ? ಕೆಳಗಿನವರು ಮೇಲಿನವರನ್ನು ಕೇಳಿದರು, ಮೇಲಿನವರು ಪಕ್ಕದವರನ್ನು ಕೇಳಿದರು. ಕೊನೆಗೆ, ಸ್ಥಳಕ್ಕೆ ಹೋಗಿ ನೋಡಿ ಬನ್ನಿ ಎಂದು ಹೊಸದಾಗಿ ಬಂದಿದ್ದ ಅಮಿತಾ ಎಂಬ ತರುಣ ಅಧಿಕಾರಿಯನ್ನು ಕಳಿಸಿದರು.

ವರ್ಷಾಂತಿಕದ ಹಿಂದಿನ ದಿನ. ರಾಮನಾಥರು ಒಬ್ಬರೇ ಅಂಗಳದಲ್ಲಿ ನಕ್ಷೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಬಿಸಿಲು ಬೀಳುತ್ತದೆಂದು ಕಂಪ್ಯೂಟರು ಹೇಳಿದ ಜಾಗದಲ್ಲಿ ಅಗೆಯುತ್ತಿದ್ದರು. ಗಿಡ ಎಲ್ಲಿಂದ ತರಬೇಕೆಂದು ಅವರಿಗಿನ್ನೂ ಗೊತ್ತಿರಲಿಲ್ಲ. ಗೇಟಿನ ಹೊರಗೆ ಊರು ಬಂದು ನಿಂತಿತು. ಹಿಂದಿನಿಂದ ಒಂದು ಜೀಪು ಬಂತು. ಅಮಿತಾ ಇಳಿದಳು. ಮಾಘದ ಬಿಸಿಲು ಕಣ್ಣಿಗೆ ಹೊಡೆಯಿತು. ಅವಳು ಸೀಟಿನ ಮೇಲಿದ್ದ ಟೊಪ್ಪಿ ತೆಗೆದು ತಲೆಗೆ ಇಟ್ಟುಕೊಂಡಳು.

ಜನ ಒಂದು ಹೆಜ್ಜೆ ಹಿಂದೆ ಸರಿದರು.

"ನಾ ಹೇಳಿರ್ಲಿಲ್ಲನಾ?" ಎಂದರು ಗುರುಪ್ರಸಾದರು, ಸಣ್ಣ ದನಿಯಲ್ಲಿ. ತಮ್ಮ ಮಾತು ನಿಜವಾದದ್ದು ಅವರಿಗೂ ಮೊದಲ ಅನುಭವ.

ಅಮಿತಾ ನಮಸ್ಕಾರ ಮಾಡಿ, ಯೋಜನೆಯ ನಕ್ಷೆ ತೋರಿಸಿ ಎಂದು ರಾಮನಾಥರನ್ನು ಕೇಳಿದಳು. ರಾಮನಾಥರ ಕೈಯಿಂದ ಗುದ್ದಲಿ ಜಾರಿತು. ಸರ್ಕಾರ ತಮ್ಮ ಹೂದೋಟದ ತನಕ ಬರುತ್ತದೆಂದು ಅವರು ತಿಳಿದಿರಲಿಲ್ಲ. ಬಗ್ಗಿ ಕಲ್ಲು ಸರಿಸಿ ನಕ್ಷೆಯನ್ನು ಎತ್ತಿ ಹಿಡಿದರು. ಅಮಿತಾ ನೋಡಿದಳು. ಹಳದಿ ವೃತ್ತ, ಕೆಂಪು ವೃತ್ತ, ಹಸಿರು ದಾರಿ, ಮಧ್ಯದಲ್ಲಿ ತುಳಸಿಕಟ್ಟೆ.

"ಇದು ಯಾವ ರಸ್ತೆ?" ಎಂದಳು.

"ರಸ್ತೆ ಅಲ್ಲ ಮೇಡಮ್. ಅಬ್ಬಲಿಗೆ ಪಾತಿ."

"ಈ ಕೆಂಪು ಕಟ್ಟಡ?"

"ದಾಸಾಳ."

ಹುಲಿಯಾ ಗೇಟು ತಳ್ಳಿಕೊಂಡು ಒಳಗೆ ಬಂದ. "ಹಂಗಾರೆ ನನ್ನ ಮರ ಯಂತಕೆ ಎಣಿಸದ್ರಿ ಒಡೆಯಾ?"

"ನೆರಳಿಗೆ" ಎಂದರು ರಾಮನಾಥರು. "ನಿನ್ನ ಮರದ ನೆರಳು ಎಲ್ಲಿ ಬೀಳ್ತದೆ ಅಂತ ಕಂಪ್ಯೂಟರ್ ಕೇಳ್ತು. ನಾಳೆ ಅವಳ ವರ್ಷಾಂತಿಕ. ಅವಳ ಅಂಗಳದ ಹೂವು ದೇವರಿಗೆ ಏರ್ಸ್ತೆ ಹೇಳಿ ಒಪ್ಕಂಡಿದ್ದೆ. ನಿಮಗೆ ಹೇಳಿದ್ರೆ ಮತ್ತೆ ನಗ್ತ್ರಿ ಅಂತ ಹೇಳ್ಲಿಲ್ಲ."

ಯಾರೂ ನಗಲಿಲ್ಲ. ನೀರು ಹೊತ್ತು ಹೊತ್ತು ಹೆಗಲು ಬಾತ ಹುಲಿಯಾ ತನ್ನ ಹಿತ್ತಲಿನ ಸಸಿಗಳನ್ನು ಒಮ್ಮೆ, ನಕ್ಷೆಯನ್ನು ಒಮ್ಮೆ ನೋಡಿದ. ಗುರುಪ್ರಸಾದರು ಜನರ ಹಿಂದಿನ ಸಾಲಿಗೆ ಸರಿಯುವ ಪ್ರಯತ್ನ ಮಾಡಿದರು. ಜನ ಜಾಗ ಬಿಡಲಿಲ್ಲ. "ಟೊಪ್ಪಿ ಮೇಡಮ್ಮ ಎಲ್ಲಿ ಮೆಂಬರೇ? ದುಡ್ಡು ಕಟ್ಟಿದ್ರೆ ಹೋಗ್ತಾಳೆ ಅಂದ್ರಲ್ಲ?" ಎಂದು ಯಾರೋ ಕೇಳಿದರು. ಅಮಿತಾ ತನ್ನ ಟೊಪ್ಪಿಯನ್ನು ಮುಟ್ಟಿ ನೋಡಿಕೊಂಡಳು.

ಅಷ್ಟರಲ್ಲಿ ನಾಗಿ ನಕ್ಷೆಯ ಹತ್ತಿರ ಬಂದು ಬಗ್ಗಿದಳು. ಮೂಲೆಯಲ್ಲಿ, ಹಳದಿ ವೃತ್ತದ ಪಕ್ಕ, ಬೆರಳುದ್ದದ ಹೆಂಗಸು ಅಗಲ ಟೊಪ್ಪಿ ಇಟ್ಟು ಗಿಡಕ್ಕೆ ಬಾಗಿದ್ದಳು. ನಾಗಿ ಒದ್ದೆ ಬೆರಳನ್ನು ಸೆರಗಿಗೆ ಒರೆಸಿ, ಚಿತ್ರವನ್ನು ಮೆಲ್ಲಗೆ ಮುಟ್ಟಿದಳು.

"ಇದು ನಮ್ಮ ಗಂಗಕ್ಕ ಅಲ್ಲನಾ ಮಾಮಾ?"

ರಾಮನಾಥರು ಕನ್ನಡಕ ತೆಗೆದರು. "ತೆಗೀಬೇಕಂದ್ರೆ ದುಡ್ಡು ಕಟ್ಟಬೇಕಿತ್ತು" ಎಂದರು. "ನಾ ಬ್ಯಾಡ ಅಂದೆ."

ಬೆಕ್ಕು ಬಂದು ನಾಗಿಯ ಕೈ ಮೂಸಿ ಕೂಗಿತು. ಆಮೇಲೆ ನಾಗಿ ಮೂಗೊರೆಸಿಕೊಂಡು, ನಕ್ಷೆ ತಪ್ಪೆಂದಳು. ಅಬ್ಬಲಿಗೆ ಅಲ್ಲಿರಲಿಲ್ಲ, ಬಾವಿಯ ಬದಿಗಿತ್ತು. ಹುಲಿಯಾ ಒಪ್ಪಲಿಲ್ಲ. ಅದು ಗೇಟಿನ ಹತ್ತಿರವಿತ್ತು, ನಾನು ದಿನಾ ನೋಡುತ್ತಿದ್ದೆ ಎಂದ. ನೀನು ನೋಡಿದ್ದು ಗೋರಟೆ, ನಿನಗೆ ಗೋರಟೆ, ಅಬ್ಬಲಿಗೆ ಒಂದೇ ಎಂದು ನಾಗಿ. ಇಬ್ಬರೂ ಸುಳ್ಳು, ಅಬ್ಬಲಿಗೆ ತುಳಸಿಕಟ್ಟೆಯ ಸುತ್ತ ಇತ್ತು ಎಂದು ನಾಗಶ್ರೀ ಜಗಲಿಯಿಂದ. ಚಪ್ಪರದ ಕಂಬ ಹುಗಿದವರನ್ನು ಕರೆಸಿದರು. ಅವರು ನಾಲ್ಕನೆಯ ಜಾಗ ತೋರಿಸಿದರು. ಗಂಗೂಬಾಯಿ ಊರಿಗೆಲ್ಲ ಹೂವು ಕೊಟ್ಟಿದ್ದಳು, ಆದರೆ ಒಬ್ಬೊಬ್ಬರಿಗೆ ಒಂದೊಂದು ತೋಟ ಕಾಣಿಸಿದ್ದಳು. ಯಾರ ವಾದವೂ ಗೆಲ್ಲದಿದ್ದಾಗ ಹುಲಿಯಾ ಎದ್ದು ಹೋದ. ಸಿಟ್ಟು ಬಂತೆಂದು ಎಲ್ಲರೂ ತಿಳಿದರು. ಅವನು ಬರುವಾಗ ಎರಡೂ ಕೈಯಲ್ಲಿ ಹಿಡಿಮಣ್ಣಿನ ಸಮೇತ ಕಿತ್ತ, ಮೈತುಂಬ ಹೂಬಿಟ್ಟ ಒಂದು ಅಬ್ಬಲಿಗೆ ಗಿಡ.

"ಗಂಗಕ್ಕ ಕೊಟ್ಟ ಕಡ್ಡಿ. ನಮ್ಮನೇಲಿ ದೊಡ್ಡದಾಯ್ತು. ಎಲ್ಲಿ ಬೇಕು ಹೇಳಿ, ಅಲ್ಲಿ ನೆಡ್ತೆ."

ಆಗ ಎಲ್ಲರಿಗೂ ನೆನಪಾಯಿತು. ಊರಿನಲ್ಲಿ ಅವಳು ಕಡ್ಡಿ ಕೊಡದ ಮನೆಯೇ ಇರಲಿಲ್ಲ. ನಾಗಿ ಮಲ್ಲಿಗೆ ತಂದಳು. ಇನ್ನೊಂದು ಮನೆಯಿಂದ ನಂದಿಬಟ್ಟಲು, ಮತ್ತೊಂದು ಮನೆಯಿಂದ ಬಿಳಿ ದಾಸಾಳ ಬಂತು. ಗುರುಪ್ರಸಾದರು ಮನೆಗೆ ಓಡಿ, ಹೆಂಡತಿ ಬೇಡವೆಂದರೂ ಕೇಳದೆ, ಕುಂಡದ ಸಮೇತ ಗೋರಟೆ ಹೊತ್ತು ತಂದು, ಬೆವರು ಒರೆಸಿಕೊಳ್ಳುತ್ತ, ಈ ಯೋಜನೆಗೆ ತಮ್ಮ ಪೂರ್ಣ ಬೆಂಬಲವಿದೆ ಎಂದರು. ಪಾತಿ ಎಲ್ಲಿ, ದಾರಿ ಎಲ್ಲಿ ಎಂದು ಕೇಳುವವರಿರಲಿಲ್ಲ. ಕೈಗೆ ಸಿಕ್ಕಲ್ಲಿ ಅಗೆದರು, ಕಂಡಲ್ಲಿ ನೆಟ್ಟರು. ರಾಮನಾಥರು ನಕ್ಷೆ ಹಿಡಿದು, ಇಲ್ಲಲ್ಲ, ಅಲ್ಲಿ, ಬಿಸಿಲಿನ ಲೆಕ್ಕ ಹೀಗಿದೆ ಎಂದು ಹಿಂದೆ ಹಿಂದೆ ಓಡಿದರು. ಹುಲಿಯಾ ಅದೇ ನಕ್ಷೆಯನ್ನು ಅವರ ಕೈಯಿಂದ ಇಸಿದುಕೊಂಡು ಗಿಡಗಳ ಬುಡದ ಮಣ್ಣು ಹೊರಲು ಉಪಯೋಗಿಸಿದ. ಟೊಪ್ಪಿಯ ಹೆಂಗಸಿದ್ದ ಮೂಲೆಯನ್ನು ಮಾತ್ರ ನಾಗಶ್ರೀ ಮೊದಲೇ ಕತ್ತರಿಸಿ ತೆಗೆದಿಟ್ಟಿದ್ದಳು.

ಅಮಿತಾ ಜಗಲಿಯಲ್ಲಿ ಕೂತು, ನಾಗಶ್ರೀ ಕೊಟ್ಟ ಪಾನಕ ಕುಡಿದು, ತನ್ನ ವರದಿ ಬರೆದಳು. ಸ್ಥಳ ಪರಿಶೀಲಿಸಲಾಗಿದೆ. ಯೋಜನೆ: ದಿವಂಗತ ಗೃಹಿಣಿಯೊಬ್ಬರ ಹೂದೋಟ. ಭೂಮಿ ಹೋಗುವವರು: ಯಾರೂ ಇಲ್ಲ. ಸಾರ್ವಜನಿಕರ ಆಕ್ಷೇಪಣೆ: ಅಬ್ಬಲಿಗೆಯನ್ನು ಎಲ್ಲಿ ನೆಡಬೇಕೆಂಬ ಬಗ್ಗೆ ಮಾತ್ರ. ಅವಳು ಹೊರಡುವಾಗ ನಾಗಿ ಒಂದು ಗೋರಟೆಯ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವಳ ಟೊಪ್ಪಿಯೊಳಗೆ ಇಟ್ಟುಕೊಟ್ಟಳು. ಅವಳು ಟೊಪ್ಪಿಯನ್ನು ಎರಡೂ ಕೈಯಲ್ಲಿ ಹಿಡಿದು ಜೀಪು ಹತ್ತಿದಳು.

ಮರುದಿನ ಬೆಳಿಗ್ಗೆ ರಾಮನಾಥರು ಸ್ನಾನ ಮಾಡಿ ಮಡಿಯುಟ್ಟು ಅಂಗಳಕ್ಕಿಳಿದರು. ಬೇರು ಬಿಡಲು ಇನ್ನೂ ಪುರಸತ್ತಿಲ್ಲದ ಗಿಡಗಳು ಹೊಸ ಸೊಸೆಯರ ಹಾಗೆ ತುಸು ತಲೆ ಬಾಗಿಸಿ ನಿಂತಿದ್ದವು. ಆದರೂ ಹೂವಿತ್ತು. ಅಬ್ಬಲಿಗೆ ಬಾವಿಯ ಬದಿಗೂ ಇತ್ತು, ಗೇಟಿನ ಹತ್ತಿರವೂ ಇತ್ತು, ತುಳಸಿಕಟ್ಟೆಯ ಸುತ್ತಲೂ ಇತ್ತು. ಪ್ರತಿಯೊಬ್ಬರೂ ತಮ್ಮ ವಾದವನ್ನು ನೆಟ್ಟು ಹೋಗಿದ್ದರು. ಯಾವ ಹೂವು ಯಾವುದೆಂದು ರಾಮನಾಥರಿಗೆ ಈಗಲೂ ಸರಿಯಾಗಿ ಗೊತ್ತಿರಲಿಲ್ಲ. ಎಲ್ಲವನ್ನೂ ಒಂದೊಂದು ಕೊಯ್ದರು. ಮೂಲೆಯಲ್ಲಿ ಅವರ ಹಳೆಯ ಕಳೆಯೂ ಒಂದು ಹೂಬಿಟ್ಟಿತ್ತು. ಒಂದು ಗಳಿಗೆ ಯೋಚಿಸಿ, ಅದನ್ನೂ ಕೊಯ್ದು ಹರಿವಾಣದ ಅಂಚಿಗಿಟ್ಟುಕೊಂಡರು.

ಕಾರ್ಯವೆಲ್ಲ ಮುಗಿದ ಮೇಲೆ ಊರು ಅಂಗಳದಲ್ಲಿ ಊಟಕ್ಕೆ ಕೂತಿತು, ಈ ಬಾರಿ ಗಿಡಗಳನ್ನು ತುಳಿಯದೆ, ಬೇಲಿಗೆ ಅಂಟಿಕೊಂಡು. ರಾಮನಾಥರು ದೇವರ ಕೋಣೆಯಲ್ಲಿ ಒಬ್ಬರೇ ಕೈಮುಗಿದು ನಿಂತರು. ಗೋಡೆಗೆ ಟೊಪ್ಪಿಯ ಹೆಂಗಸಿನ ಕಾಗದದ ತುಂಡು ಅಂಟಿಸಿತ್ತು. ದೇವರ ತಲೆಯ ಮೇಲೆ ಊರಿನ ಎಲ್ಲ ಮನೆಯ ಹೂವಿತ್ತು.

ಭಗವಂತಾ, ನಾನು ಕೊಟ್ಟ ಮಾತನ್ನು ಈ ಜನ ಉಳಿಸಿದರು. ಅವರನ್ನು ಚೆನ್ನಾಗಿ ಇಡು. ಗಂಗೂವನ್ನು ನಿನ್ನ ಪಾದದ ಹತ್ತಿರ ಎಲ್ಲಿ ಕೂರಿಸಿದ್ದೀಯೋ ನನಗೆ ತಿಳಿಯದು. ಅಲ್ಲಿ ಒಂದಿಷ್ಟು ಮೆತ್ತಗಿನ ಮಣ್ಣು, ಹತ್ತಿರದಲ್ಲಿ ನೀರು, ಬೆಳಗಿನ ಎಳೆಬಿಸಿಲು ಇರಲಿ. ಅವಳ ಟೊಪ್ಪಿ ಅವಳ ಸಂಗಡವೇ ಬಂದಿದೆ. ಅದನ್ನು ನೋಡಿ ಅಲ್ಲಿಯವರು ನಕ್ಕರೆ ನೀನು ನಗಬೇಡ. ಅವಳಿಗೆ ಇಲ್ಲಿಯ ಚಿಂತೆ ಬೇಡವೆಂದು ಹೇಳು, ಗಿಡಗಳಿಗೆ ನಾನು ನೀರು ಹಾಕುತ್ತೇನೆ. ಅವಳ ಆತ್ಮಕ್ಕೆ ಶಾಂತಿ ಕೊಡು ತಂದೆಯೇ, ಶಾಂತಿ ಕೊಡು.